ಕಸ್ಟಮ್ಸ್ ಮೇಜಿನ ಮೇಲೆ ಲಕ್ಕಿ ಸೊಪ್ಪು

ಮಕ್ಕಳೇ, ಬಹ್ರೇನಿನ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿದರು. ನಿಮ್ಮ ಅತ್ತೆ ಇಲ್ಲಿಂದ ಮುಂದಿನ ವಾರ ನನ್ನನ್ನು ಫಿನ್ಲೆಂಡಿನ ಕಾಡಿಗೆ ಕರೆದುಕೊಂಡು ಹೋಗುತ್ತಾಳೆ. ಬೇಸಿಗೆಯಲ್ಲಿ ಅಲ್ಲಿ ಸೊಳ್ಳೆಗಳು ಮುಖಕ್ಕೇ ಮುತ್ತುತ್ತವಂತೆ. ಅದಕ್ಕೆಂದು ಒಣಗಿಸಿದ ಲಕ್ಕಿ ಸೊಪ್ಪನ್ನು ಪೇಪರಿನಲ್ಲಿ ಕಟ್ಟಿ ತಂದಿದ್ದೆ.

ತಲೆಗೆ ಕಪ್ಪು ವಸ್ತ್ರ ಸುತ್ತಿದ್ದ ಅಧಿಕಾರಿ ಹೆಂಗಸು ಒಂದು ಎಲೆಯನ್ನು ಪುಡಿ ಮಾಡಿ ಮೂಸಿದಳು. ಅವಳ ಮುಖ ಬಿಗಿಯಿತು. ಅವಳ ಮಾತು ನನಗೆ ತಿಳಿಯಲಿಲ್ಲ. ಅಲ್ಲೇ ಟ್ರಾಲಿ ತಳ್ಳುತ್ತಿದ್ದ ಕುಂದಾಪುರದ ಕಡೆಯವರೊಬ್ಬರನ್ನು ಕರೆದಳು.

"ಇದೆಂತ ಸೊಪ್ಪು ಅಮ್ಮ?"

"ಲಕ್ಕಿ. ಫಿನ್ಲೆಂಡಿನ ಕಾಡಲ್ಲಿ ಸೊಳ್ಳೆಗೆ ಹೊಗೆ ಹಾಕ್ಲಿಕ್ಕೆ."

"ಅಯ್ಯೋ, ಹೊಗೆ ಅಂತ ಇಲ್ಲಿ ಹೇಳ್ಬೇಡಿ! ಗಾಂಜಾ ಅಂತ ಒಳಗೆ ಹಾಕ್ತಾರೆ."

ಸೊಪ್ಪನ್ನು ಯಂತ್ರದಲ್ಲಿಟ್ಟು ನೋಡುವಷ್ಟು ಹೊತ್ತೂ ಅವಳ ಕೈಯಲ್ಲಿದ್ದ ನನ್ನ ಪಾಸ್‌ಪೋರ್ಟನ್ನೇ ನೋಡುತ್ತಿದ್ದೆ. ಕೊನೆಗೆ ಪಾಸ್‌ಪೋರ್ಟನ್ನು ನನಗೆ ಕೊಟ್ಟು, ಕಸದ ಬುಟ್ಟಿ ತೋರಿಸಿದಳು. ಕಟ್ಟನ್ನು ನಾನೇ ಅದರೊಳಗೆ ಹಾಕಿದೆ.

"ಕಾಡಲ್ಲಿ ತುಂಬು ತೋಳಿನದ್ದು ಹಾಕ್ಕೊಳ್ಳಿ ಅಮ್ಮ, ಸಾಕು" ಎಂದರು ಕುಂದಾಪುರದವರು.

ಹೊರಗೆ ನಿಮ್ಮ ಅತ್ತೆ ಓಡಿ ಬಂದಳು. "ಅಮ್ಮ, ಸೊಪ್ಪು ತಂದ್ಯಾ?" ಎಂದು ಅಷ್ಟು ಜನರ ಎದುರು ಕೂಗಿದಳು. ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ.