ಕೆಂಪು ಹಿತ್ತಲಿನ ಪುಟ್ಟಿ

ನೂಲಿಗೆ ಬಣ್ಣ ಹಾಕುವುದರಲ್ಲಿ ಬಣ್ಣದಣ್ಣನದು ಎತ್ತಿದ ಕೈ. ಅದರಲ್ಲೂ ಕೆಂಪು ಬೇಕಾದರೆ ನೇಕಾರರು ಅವನ ಬಾಗಿಲಲ್ಲೇ ಕಾದು ಕೂರುತ್ತಿದ್ದರು. ಬಿದಿರ ಗಳುವಿನ ಮೇಲೆ ಒಣಹಾಕಿದ ನೂಲು ತೊಟ್ಟಿಕ್ಕಿ ತೊಟ್ಟಿಕ್ಕಿ ಹಿತ್ತಲಿನ ಕಲ್ಲುಹಾಸು ವರ್ಷವಿಡೀ ಕೆಂಪಗೇ ಇರುತ್ತಿತ್ತು. ಹಗಲೆಲ್ಲ ಅಲ್ಲೇ ಒಲೆಯ ಮಗ್ಗುಲಲ್ಲಿ ಪುಟ್ಟಿ ಎಂಬ ನಾಯಿಯ ವಾಸ, ರಾತ್ರಿ ಮನೆಯೊಳಗೆ ನಿದ್ದೆ. ಗಂಡಹೆಂಡತಿ ಮಾತು ಬಿಟ್ಟ ದಿನ ಅವಳೇ ರಾಯಭಾರಿ. "ಪುಟ್ಟೀ, ಊಟಕ್ಕೆ ಬರ್ಬೇಕಂತೆ ಅಂತ ಹೇಳು ನಿಮ್ಮ ಯಜಮಾನ್ರಿಗೆ!"

ಎಂದೂ ಎಲ್ಲೆಂದರಲ್ಲಿ ಹೊಲಸು ಮಾಡದ ಅಂಥ ಮಾನವಂತೆ ಒಂದು ದಿನ ಒಣಗಿಸಿ ಇಳಿಸಿಟ್ಟ ಕೆಂಪು ನೂಲಿನ ಮೇಲೆಯೇ ಉಚ್ಚೆ ಹೊಯ್ದಳು. ಮರುದಿನವೂ ಅದೇ ಕತೆ. ಹಿತ್ತಲಲ್ಲಿ ಗಳಿಗೆಗೊಮ್ಮೆ ಕೂತು ತಿಣುಕುವಳು, ಬೀಳುವುದು ನಾಲ್ಕು ಹನಿ.

"ವಯಸ್ಸಾದ್ಮೇಲೆ ಕೊಬ್ಬು ಬಂತಾ ನಿಂಗೆ?" ಎಂದು ಗದರಿ, ಬಣ್ಣದಣ್ಣ ನೀರಿನ ಬಟ್ಟಲನ್ನೇ ಎತ್ತಿಟ್ಟ.

"ಡಾಕ್ಟ್ರಿಗೆ ತೋರ್ಸೋಣ ಕಣ್ರೀ," ಎಂದಳು ಹೆಂಡತಿ.

"ಬಣ್ಣದ ಹಂಡೆ ಒಲೆ ಮೇಲಿದೆ, ಈಗೆಲ್ಲಿ?"

ಪುಟ್ಟಿ ಬಾಲ ಮುದುರಿಕೊಂಡು ರಾತ್ರಿಯೂ ಹೊಸ್ತಿಲಾಚೆಯೇ ಮಲಗತೊಡಗಿದಳು.

ಹಂಡೆಯಲ್ಲಿ ನೀಲಿ ಕುದಿಯುತ್ತಿದ್ದ ದಿನ, ಇನ್ನೂ ಬಣ್ಣ ಕಾಣದ ಬಿಳಿ ನೂಲಿನ ಮೇಲೆ ಒಂದು ಕೆಂಪು ಕಲೆ ಕಂಡಿತು. ಬಣ್ಣದಣ್ಣ ಮುಟ್ಟಿದ, ಮೂಸಿದ. ಅವನ ಹಂಡೆಯ ಕೆಂಪಲ್ಲ ಅದು, ರಕ್ತ. ಎಷ್ಟು ದಿನದಿಂದ ಆ ಕೆಂಪು ಕಲ್ಲಿನ ಮೇಲೆ, ಅವನ ಕಾಲಬುಡದಲ್ಲೇ ಹರಿದಿತ್ತೋ! ಕಣ್ಣಿದ್ದೂ ಕುರುಡನಾಗುವುದೆಂದರೆ ಇದೇ. ನೂಲನ್ನು ಅಲ್ಲೇ ಬಿಟ್ಟು ನಾಯಿಯನ್ನು ಎತ್ತಿಕೊಂಡು ಓಡಿದ.

"ಮೂತ್ರಕೋಶದ ಬಾಯಲ್ಲೇ ಕ್ಯಾನ್ಸರ್ ಗಡ್ಡೆ. ಕತ್ತರಿಸಿ ತೆಗೆಯೋ ಜಾಗ ಅಲ್ಲ," ಎಂದರು ಡಾಕ್ಟರಮ್ಮ. "ರಕ್ತ ಹೋಗ್ತಿರೋದು ಗೊತ್ತಾಗ್ಲಿಲ್ವಾ?"

"ನಮ್ಮ ನೆಲವೇ ಕೆಂಪು ತಾಯಿ..." ಅವನು ಬಣ್ಣ ಮೆತ್ತಿದ ತನ್ನ ಕೈಗಳನ್ನು ನೋಡಿಕೊಂಡ. "ಈ ಬಣ್ಣದಿಂದ್ಲೇ ಬಂತಾ?"

"ಹೌದು ಅನ್ನೋಕಾಗಲ್ಲ. ಅಲ್ಲ ಅನ್ನೋಕೂ ಆಗಲ್ಲ."

ಮಾತ್ರೆಗಳಿಂದ ಕೆಲವು ತಿಂಗಳು ಪುಟ್ಟಿ ಗೆಲುವಾದಳು. ಬಣ್ಣದಣ್ಣ ಮನೆಯ ಮೂಲೆಮೂಲೆಗೂ ನೀರಿನ ಬಟ್ಟಲು ಇಟ್ಟ. ಒಳಗೆ ಹಾಸಿಗೆ ಹಾಸಿ ಎಷ್ಟು ಕರೆದರೂ ಅವಳು ಮಾತ್ರ ಹೊಸ್ತಿಲು ದಾಟಲಿಲ್ಲ.

ಒಂದು ಬೆಳಿಗ್ಗೆ ಒಂದು ಹನಿಯೂ ಇಳಿಯಲಿಲ್ಲ. ಹೊಟ್ಟೆ ಬಿಗಿದು ನರಳತೊಡಗಿದಳು. ಇನ್ನು ನೋವಿನಲ್ಲಿ ಕಾಯಿಸುವುದು ಪಾಪ, ಸೂಜಿ ಕೊಟ್ಟು ಕಳಿಸಿಕೊಡೋಣ ಎಂದರು ಮನೆಗೇ ಬಂದ ಡಾಕ್ಟರಮ್ಮ. ಅವನು ಅವಳನ್ನು ಒಳಗೆ ಎತ್ತಿ ತಂದು, ನೆಲದ ಮೇಲೆ ಕೂತು ತೊಡೆಯ ಮೇಲೆ ಮಲಗಿಸಿಕೊಂಡ. ಆ ನೋವಿನಲ್ಲೂ ಅವಳು ಕೊಸರಾಡಿದಳು, ಬಾಗಿಲ ಕಡೆಗೆ, ಹೊರಗೆ ಹೋಗಬೇಕೆಂದು.

"ಇಲ್ಲೇ ಮಾಡು ಮಗಳೇ, ಯಾರೂ ಬಯ್ಯಲ್ಲ."

ಸೂಜಿ ಇಳಿಯಿತು. ಮೈ ಸಡಿಲವಾಯಿತು. ಸ್ವಲ್ಪ ಹೊತ್ತಿಗೆ ಅವನ ತೊಡೆ ಬೆಚ್ಚಗೆ ಒದ್ದೆಯಾಯಿತು. ಹೆಂಡತಿ ಒರೆಸಲು ಬಟ್ಟೆ ತಂದಳು. ಅವನು ಅಳುತ್ತಾ ಅವಳ ಕೈ ಹಿಡಿದು ತಡೆದ.