ಮೂರನೆಯ ಕರೆ

ರಾತ್ರಿ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೆಯ ಸಲ ಕರೆಯುವವರೆಗೆ ಓಗೊಡಬಾರದು ಎಂದು ನಮ್ಮ ಕಡೆ ಮಕ್ಕಳಿಗೆ ಹೇಳಿಕೊಡುತ್ತಾರೆ. ಮನುಷ್ಯನಲ್ಲದ್ದು ಎರಡೇ ಸಲ ಕರೆಯುತ್ತದಂತೆ. ನಾನು ಇದನ್ನು ನಂಬಿದವನಲ್ಲ. ನಂಬುವವರನ್ನು ಗೇಲಿ ಮಾಡಿದ್ದೂ ಉಂಟು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆ ಒಂದು ರಾತ್ರಿ ನಡೆದದ್ದನ್ನು ಮಾತ್ರ, ನೆನಪಿರುವಷ್ಟು, ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆ, ಡಿಸೆಂಬರ್ ತಿಂಗಳು. ನಾನಾಗ ಮೂಡುಬಿದಿರೆಯಲ್ಲಿ ಶಿಕ್ಷಕರ ತರಬೇತಿಗೆ ಹೋಗುತ್ತಿದ್ದೆ. ಪಾಣೆಮಂಗಳೂರಿನ ಹಮೀದ್ ನನ್ನ ಶಾಲಾ ದಿನಗಳ ಗೆಳೆಯ. ನನ್ನನ್ನು ‘ಮಾಷ್ಟ್ರೇ’ ಎಂದು ಕೀಟಲೆಗೆ ಕರೆಯುತ್ತಿದ್ದವನು ಅವನೊಬ್ಬನೇ. ಅವನಿಗೆ ಗಲ್ಫಿನ ವೀಸಾ ಬಂದಿತ್ತು. ಅಲ್ಲಿ ಏನು ಕೆಲಸವೆಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೋಗುವ ಮೊದಲು ಚಾರ್ಮಾಡಿಯ ಗುಡ್ಡದ ಮೇಲೆ ಒಂದು ರಾತ್ರಿ ಕಳೆಯುವ ಎಂದು ಅವನೇ ಹೊರಡಿಸಿದ. ವಾಮದಪದವಿನ ಜಯಂತನೂ ಸೇರಿ ನಾವು ಮೂವರು.

ಕಕ್ಕಿಂಜೆಯಲ್ಲಿ ಬಸ್ಸಿಳಿದು ಕಾಡು ಹತ್ತಿದೆವು. ದಪ್ಪ ಮೈಯ ಜಯಂತ ಅಲ್ಲಲ್ಲಿ ಕೂರುತ್ತಿದ್ದ. ನಮ್ಮ ಮಾತು ತುಳುವಿನಲ್ಲಿ ನಡೆದದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಆ ಹೊಟ್ಟೆಯನ್ನು ಕಕ್ಕಿಂಜೆ ಹೋಟೆಲಿನಲ್ಲೇ ಇಟ್ಟು ಬರಬಹುದಿತ್ತಲ್ಲ ಮಾರಾಯ,” ಎಂದ ಹಮೀದ್.

“ನಿನಗೆಂತ, ವಿಮಾನದಲ್ಲಿ ಕೂತು ಹೋಗುವವ,” ಎಂದ ಜಯಂತ.

“ಅಲ್ಲಿ ಬರೀ ಸೆಕೆಯಂತೆ. ಅದಕ್ಕೇ ಇವತ್ತು ಹೊಟ್ಟೆ ತುಂಬ ಚಳಿ ತಿಂದು ಹೋಗ್ತೇನೆ.”

ಹುಲ್ಲುಗುಡ್ಡದ ಅಂಚಿನಲ್ಲಿ, ಏಲಕ್ಕಿ ತೋಟದ ಕಾವಲಿನವರು ಬಿಟ್ಟುಹೋದ ಗುಡಿಸಲೊಂದಿತ್ತು. ಮಣ್ಣಿನ ಗೋಡೆ, ತಗಡಿನ ಮಾಡು, ಒಂದೇ ಹಲಗೆ ಬಾಗಿಲು. ಕತ್ತಲಾಗುವಾಗ ಗಾಳಿ ಎದ್ದು ಕಿವಿ ಕೊರೆಯುವ ಚಳಿ ಶುರುವಾಯಿತು. ಬಾಗಿಲಿಗೆ ಒಳಗಿನಿಂದ ಮರದ ಅಗುಳಿ ಹಾಕಿ, ಮೂಲೆಯಲ್ಲಿ ಬೆಂಕಿ ಮಾಡಿ ಮಲಗಿದೆವು. ಜಯಂತ ಗೋಡೆಯ ಕಡೆ, ನಾನು ನಡುವೆ, ಹಮೀದ್ ಬಾಗಿಲ ಕಡೆ.

ಎಷ್ಟು ಹೊತ್ತಿಗೆಂದು ತಿಳಿಯದು, ಎಚ್ಚರವಾಯಿತು. ಹೊರಗಿನಿಂದ ಯಾರೋ “ಮಾಷ್ಟ್ರೇ” ಎಂದರು. ಹಮೀದನ ದನಿ. ಅವನು ಹೊರಗೆ ಹೋಗಿರಬೇಕೆಂದುಕೊಂಡು ಏಳಲು ಹೊರಟೆ. ಕೈ ತಗುಲಿದ್ದು ಹಮೀದನ ಭುಜಕ್ಕೆ. ಕೆಂಡದ ಬೆಳಕಿನಲ್ಲಿ ಅವನ ಕಣ್ಣು ತೆರೆದಿದ್ದದ್ದು ಕಂಡಿತು.

“ಮಾಷ್ಟ್ರೇ, ಬಾಗಿಲು ತೆಗಿ.”

ಮೂರನೆಯದು ಇರುವುದಿಲ್ಲ ಎಂದು ಇಬ್ಬರೂ ಕಾದೆವು. ಮೂರನೆಯ ಸಲವೂ ಕರೆಯಿತು.

“ಮಾಷ್ಟ್ರೇ, ಬೆರಳು ಮಡಚಲಿಕ್ಕೆ ಆಗುವುದಿಲ್ಲ. ತೆಗಿ ಮಾರಾಯ.”

“ಮೂರು ಸಲ ಆಯಿತು. ಮನುಷ್ಯನೇ,” ಎಂದು ಪಿಸುಗುಟ್ಟಿದೆ.

“ನಾನು ಇಲ್ಲಿ ಇದ್ದೇನಲ್ಲ. ಮತ್ತೆ ಅವ ಯಾರು?” ಎಂದ ಹಮೀದ್. ಎದ್ದು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂತ. “ಯಾರಾದರೂ ಆಗಲಿ, ತೆಗೆಯಬೇಡ.”

ಆಮೇಲೆ ಕರೆಯಲಿಲ್ಲ, ಬಡಿಯತೊಡಗಿತು. ಮೊದಲು ಎದೆಯ ಎತ್ತರದಲ್ಲಿ. ಸ್ವಲ್ಪ ಹೊತ್ತಿನ ನಂತರ ಸೊಂಟದ ಎತ್ತರದಲ್ಲಿ, ನಿಧಾನವಾಗಿ. ಕೊನೆಗೆ ನೆಲಕ್ಕೆ ತಾಗಿ, ಹಮೀದನ ಬೆನ್ನಿನ ಕೆಳಗೆ. ಪ್ರತಿ ಬಡಿತಕ್ಕೂ ಅವನ ಮೈ ಅಲುಗುವುದನ್ನು ನಾನು ನೋಡಿದೆ. ಅವನು ಜಾಗ ಬಿಟ್ಟು ಏಳಲಿಲ್ಲ. ನಾನು ಅವನನ್ನು ಎಳೆದು ಬಾಗಿಲು ತೆಗೆಯಬಹುದಿತ್ತು. ತೆಗೆಯಲಿಲ್ಲ. ಬೆಳಕು ಹರಿಯುವ ಮೊದಲು ಶಬ್ದ ನಿಂತಿತು.

ಬೆಳಿಗ್ಗೆ ಹೊರಗೆ ಏನೂ ಇರಲಿಲ್ಲ. ಬಾಗಿಲ ಹಲಗೆಯಲ್ಲಿ ಒಂದು ಗೀರೂ ಇಲ್ಲ. ಜಯಂತನಿಗೆ ಏನೂ ಕೇಳಿಸಿರಲಿಲ್ಲ, ನಾವೂ ಹೇಳಲಿಲ್ಲ. ಕಕ್ಕಿಂಜೆಯಲ್ಲಿ ಚಾ ಕುಡಿಯುವಾಗ ಹಮೀದ್ ಗ್ಲಾಸಿನ ಒಳಗೆ ನೋಡುತ್ತಾ, “ಪಾಪ, ಯಾರೋ,” ಎಂದ. ಅದರ ಬಗ್ಗೆ ಅವನು ಆಡಿದ್ದು ಅಷ್ಟೇ.

ಹಮೀದ್ ಗಲ್ಫಿಗೆ ಹೋದ ಮೂರನೆಯ ವರ್ಷ ಸುದ್ದಿ ಬಂತು. ಅವನು ಕೆಲಸ ಮಾಡುತ್ತಿದ್ದದ್ದು ಮೀನಿನ ಗೋದಾಮಿನಲ್ಲಿ. ಮೀನನ್ನು ಹೆಪ್ಪುಗಟ್ಟಿಸಿ ಇಡುವ ಕೋಣೆಯೊಳಗೆ ಅವನಿದ್ದಾಗ ಯಾರೋ ತಿಳಿಯದೆ ಬಾಗಿಲು ಹಾಕಿದ್ದರು. ಒಳಗಿನ ಹಿಡಿ ಕೆಟ್ಟಿತ್ತು. ಬೆಳಿಗ್ಗೆ ತೆರೆದಾಗ ಬಾಗಿಲ ಬುಡದಲ್ಲೇ ಬಿದ್ದಿದ್ದನಂತೆ.

ನಾನು ಇದಕ್ಕೆ ಬಹಳ ಕಾರಣ ಹುಡುಕಿದ್ದೇನೆ. ಗಾಳಿಯ ಶಬ್ದ ಎನ್ನುವ ಹಾಗಿಲ್ಲ, ನಮ್ಮಿಬ್ಬರಿಗೂ ಮಾತು ಕೇಳಿಸಿತ್ತು. ಕನಸು ಎನ್ನುವ ಹಾಗಿಲ್ಲ, ಹಮೀದ್ ಚಾ ಕುಡಿಯುತ್ತಾ ಆ ಮಾತು ಹೇಳಿದ್ದ. ಅಂದು ಅಗುಳಿ ತೆಗೆದಿದ್ದರೆ ಒಳಗೆ ಬರುತ್ತಿದ್ದವನು ಯಾರು? ಬಂದಿದ್ದರೆ ಮುಂದಿನದು ತಪ್ಪುತ್ತಿತ್ತೇ? ಇಷ್ಟು ವರ್ಷಗಳಲ್ಲಿ ನನಗೆ ತಿಳಿದಿಲ್ಲ.

ಅವನ ಜೊತೆ ಕೆಲಸದಲ್ಲಿದ್ದ ಒಬ್ಬರು ರಜೆಯಲ್ಲಿ ಊರಿಗೆ ಬಂದಾಗ ಹಮೀದನ ಮನೆಗೆ ಬಂದಿದ್ದರು. ನಾನೂ ಅಲ್ಲಿದ್ದೆ. ಅವನ ತಾಯಿ ಒಳಗೆ ಹೋದ ಮೇಲೆ ಅವರು ತಲೆ ತಗ್ಗಿಸಿ, “ಬಡಿಯುವ ಶಬ್ದ ನಮಗೆ ಕೇಳಿತ್ತು. ಮಿಷನಿನದ್ದು ಅಂತ ಗ್ರಹಿಸಿದೆವು,” ಎಂದರು.

ಎಷ್ಟು ಸಲ ಎಂದು ನಾನು ಕೇಳಲಿಲ್ಲ.