ವೀಣೆಯ ಹಿಂದಿನ ಅಡುಗೆಯವಳು

ತಮಾಷೆಯಲ್ಲಿ ನನ್ನನ್ನು ಮೀರಿಸುವವರು ಇಡೀ ಘಾಟ್ಕೋಪರಿನಲ್ಲಿಲ್ಲ. ನಾನಿದ್ದರೆ ನಮ್ಮ ಸೊಸೈಟಿಯ ಸೆಕ್ರೆಟರಿ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾನೆ! ಅಂಥ ನನ್ನ ಬಾಯಿಗೂ ಒಂದು ದಿನ ಬೀಗ ಬಿತ್ತು. ಅಂದು ಮಗಳನ್ನು ನೋಡಲು ಹುಡುಗನ ತಾಯಿ ಬರುವವರಿದ್ದರು. ಹುಡುಗ, ಹುಡುಗಿ ಒಂದೇ ಆಫೀಸು, ಆಗಲೇ ಒಪ್ಪಿಕೊಂಡಿದ್ದರು. ತಾಯಿ ಒಪ್ಪಬೇಕಿತ್ತು. ಫೋರ್ಟಿನ ದೊಡ್ಡ ವಕೀಲರ ಹೆಂಡತಿ, ಮನೆತನ ನೋಡುತ್ತಾರಂತೆ.

ಆ ಮನೆತನವನ್ನು ನನ್ನ ಹೆಂಡತಿ ಬೈಕುಲ್ಲಾದ ಹಳೇ ಸಾಮಾನಿನ ಅಂಗಡಿಯಿಂದ ಟ್ಯಾಕ್ಸಿಯಲ್ಲಿ ಹೊತ್ತು ತಂದಳು! ದೊಡ್ಡದೊಂದು ಚಿತ್ರ. ಜರಿ ಸೀರೆಯ ಯಜಮಾನಿ ಕಣ್ಣು ಮುಚ್ಚಿ ವೀಣೆ ನುಡಿಸುತ್ತಿದ್ದಾಳೆ. ಹಿಂದೆ ಬಾಗಿಲ ಮರೆಯಲ್ಲಿ ಅಡುಗೆಯವಳು ಚಕ್ಕುಲಿ ಡಬ್ಬಿಗೆ ಕೈ ಹಾಕಿ, ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದಾಳೆ.

"ರೀ, ವೀಣೆಯವರು ನಿಮ್ಮಜ್ಜಿ ಅನ್ನಿ. ಬೇರೆ ಒಂದು ಮಾತೂ ಬೇಡ. ಮಗಳ ಜೀವನದ ಪ್ರಶ್ನೆ."

ಹುಡುಗನ ತಾಯಿ ಬಂದು ಸೋಫಾದ ತುದಿಯಲ್ಲಿ ಕೂತರು. ಕೇಸರಿಬಾತು ಮುಟ್ಟಲಿಲ್ಲ. ಮಗಳ ಮುಖ ಬಾಡಿತು.

"ಚಿತ್ರದಲ್ಲಿರೋರು ಯಾರು?"

"ನಮ್ಮಜ್ಜಿ. ಮೈಸೂರಿನ ದೊಡ್ಡ ಮನೇಲಿದ್ರು."

"ವೀಣೆ ನುಡಿಸ್ತಿದ್ರಾ?"

ನಾಲಿಗೆ ತುರಿಸಿತು. "ಛೇ ಛೇ, ವೀಣೆ ಯಜಮಾನೀದು! ನಮ್ಮಜ್ಜಿ ಹಿಂದೆ ಚಕ್ಕುಲಿ ಕದೀತಿದಾಳಲ್ಲ, ಅವಳು!"

"ಅಪ್ಪಾ!" ಮಗಳು ಚೀರಿದಳು. ಹೆಂಡತಿ ಕೈಯಲ್ಲಿದ್ದ ತಟ್ಟೆಯನ್ನು ಟೀಪಾಯಿ ಮೇಲೆ ಕುಕ್ಕಿದಳು. ಚಿತ್ರ ಸುಳ್ಳಿರಬಹುದು, ಅಜ್ಜಿ ಕಂಡವರ ಮನೆಯಲ್ಲಿ ಅಡುಗೆ ಮಾಡಿದ್ದು ನಿಜ.

ಆಕೆ ಎದ್ದು, ಕನ್ನಡಕ ಸರಿಮಾಡಿಕೊಂಡು ಚಿತ್ರದ ಹತ್ತಿರ ಹೋದರು. ಭುಜ ಅಲುಗತೊಡಗಿತು. ನಗುತ್ತಿದ್ದರು!

"ಆ ಕೆನ್ನೆ ನೋಡ್ರೀ! ನಮ್ಮಮ್ಮ ಮಾಟುಂಗಾದಲ್ಲಿ ಮನೆಮನೆ ಅಡುಗೆ ಮಾಡ್ತಿದ್ರು. ಯಜಮಾನಿ ಕರೆದ್ರೆ ಹೀಗೇ, ನುಂಗೋಕೂ ಆಗ್ದೆ ಉಗಿಯೋಕೂ ಆಗ್ದೆ! ಇದನ್ನ ನಮ್ಮನೇಲಿ ಯಾರ ಹತ್ರಾನೂ ಹೇಳಿಲ್ಲ ನಾನು."

"ನಮ್ಮಜ್ಜಿ ಕೋಡುಬಳೇನೂ ಬಿಡ್ತಿರಲಿಲ್ಲ," ಎಂದು ಜಂಭ ಕೊಚ್ಚಿದೆ.

"ನಮ್ಮಮ್ಮ ಸೆರಗಲ್ಲಿ ಮೈಸೂರುಪಾಕ್ ಕಟ್ಕೊಂಡು ಬರ್ತಿದ್ರು!"

ಪೈಪೋಟಿಗೆ ಬಿದ್ದೆವು. ನಾನು ಸೋತೆ!

ಸಂಬಂಧ ಒಪ್ಪುವವರೆಗೂ ಹುಡುಗಿಯ ಮನೆಯಲ್ಲಿ ತಿಂಡಿ ತಿಂದರೂ ಊಟ ಮಾಡಬಾರದೆಂಬುದು ನಮ್ಮ ಕಡೆಯ ರೂಢಿ. ಹಾಗಾಗಿ ಹೆಂಡತಿ ಅಡುಗೆಯನ್ನೇ ಮಾಡಿರಲಿಲ್ಲ. ಆಕೆ ಕಣ್ಣೊರೆಸಿಕೊಂಡು ಕೇಳಿದರು:

"ಊಟಕ್ಕೇನಿದೆ, ಬೀಗರೇ?"

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. ಮಗಳು ನನ್ನ ತೋಳು ಹಿಡಿದು ಕುಣಿಯತೊಡಗಿದಳು. ಬೀಗಿತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ನುಗ್ಗಿದರು.

"ಏನೂ ಮಾಡಿಲ್ವಾ? ಬಿಡಿ, ಅಕ್ಕಿ ಎಲ್ಲಿದೆ ತೋರಿಸಿ."